ಸಸಿ ನೆಡುವ ಮೊದಲು ಪೊಟರೆ ಮರ ಉಳಿಸಿ: ಕಾಫಿ ತೋಟದಲ್ಲಿ ಕಾಡುಜೀವಿಗಳ ನೆಲೆ ಕಾಯುವ ಬಗೆ

ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಕೇಳುವ ಪ್ರಶ್ನೆ ಒಂದೇ: "ಕಾಡುಮರದ ಸಸಿ ಎಲ್ಲಿ ಸಿಗ್ತವೆ? ಈ ಸಲ ಒಂದಿನ್ನೂರು ಹಾಕ್ಬೇಕು ಅಂತಿದೀನಿ." ಕೇಳುವವರ ಮನಸ್ಸು ಒಳ್ಳೆಯದೇ. ಆದರೂ ನಾನು ಸಸಿಯ ವಿಳಾಸ ಕೊಡುವ ಮೊದಲು ಅವರ ತೋಟದ ಹಳ್ಳ ತೋರಿಸಿ ಎನ್ನುತ್ತೇನೆ.

ನಾನೂ ಸಸಿಯಿಂದಲೇ ಶುರು ಮಾಡಿದವನು. ಹಾನುಬಾಳು ಹತ್ತಿರ ನಮ್ಮದು ಸಣ್ಣ ತೋಟ. ಮೊದಲ ವರ್ಷ ಮೇಲಿನ ಹುಲ್ಲು ಬರೆಯಲ್ಲಿ, ಅಂದರೆ ಇಳಿಜಾರಿನಲ್ಲಿ, ಇನ್ನೂರು ಸಸಿ ನೆಟ್ಟೆ. ಮಾರ್ಚ್ ಬಿಸಿಲಿಗೆ ಮುಕ್ಕಾಲು ಪಾಲು ಒಣಗಿತು, ಉಳಿದದ್ದನ್ನು ದನ ಮೇದವು. ಅದೇ ವರ್ಷ ತೋಟದ ಕೆಳಗಡೆ, ಹಳ್ಳದ ಪಕ್ಕ, ಅರ್ಧ ಒಣಗಿದ ಎರಡು ಹಳೇ ಮರಗಳನ್ನು ಸೌದೆಗಾಗುತ್ತದೆ ಎಂದು ಉರುಳಿಸಿದ್ದೆ. ಆ ಎರಡು ಮರ ಹಕ್ಕಿ, ಅಳಿಲು, ಬಾವಲಿಗಳಿಗೆ ಕೊಡುತ್ತಿದ್ದ ಜಾಗವನ್ನು ನನ್ನ ಇನ್ನೂರು ಸಸಿ, ಎಲ್ಲವೂ ಬದುಕಿದ್ದರೂ, ಇನ್ನೈವತ್ತು ವರ್ಷ ಕೊಡುತ್ತಿರಲಿಲ್ಲ. ಅದಕ್ಕೇ ಈ ಕೆಲಸಕ್ಕೊಂದು ಸರದಿ ಇದೆ ಎನ್ನುತ್ತೇನೆ. ಮೊದಲು ಇರುವುದನ್ನು ಉಳಿಸಬೇಕು, ಆಮೇಲೆ ಆಗುತ್ತಿರುವ ಹಾನಿ ನಿಲ್ಲಿಸಬೇಕು, ತಾನಾಗಿ ಹುಟ್ಟಿದ್ದನ್ನು ಕಾಯಬೇಕು. ನೆಡುವ ಕೆಲಸ ಕೊನೆಗೆ.

ಐದು ಎಕರೆಯವರೂ ಇದನ್ನು ಮಾಡಬಹುದು. ನಮ್ಮ ಕಡೆ ಬಹುಪಾಲು ಕಾಫಿ ಬೆಳೆಗಾರರು ಸಣ್ಣ ಹಿಡುವಳಿಯವರೇ. ಭದ್ರಾ ಅಭಯಾರಣ್ಯಕ್ಕೂ ಘಟ್ಟದ ಅಂಚಿನ ಮೀಸಲು ಅರಣ್ಯಗಳಿಗೂ ನಡುವೆ ಹಬ್ಬಿರುವುದು ಇಂಥ ತೋಟಗಳೇ.

ಮೊದಲು ತೋಟ ಸುತ್ತಿ, ಬರೆದಿಡಿ

ಸರ್ವೆ ನಕ್ಷೆಯ ಒಂದು ಜೆರಾಕ್ಸ್ ಪ್ರತಿ ಹಿಡಿದುಕೊಂಡು ತೋಟ ಸುತ್ತಿ. ಪಹಣಿಯ ವಿಸ್ತೀರ್ಣಕ್ಕೂ ಬೇಲಿಗೂ ತಾಳೆಯಾಗುತ್ತದೆಯೇ ಎಂದು ಆಗಲೇ ನೋಡಿಬಿಡಿ. ಗಡಿ ತಕರಾರಿರುವ ಜಾಗದಲ್ಲಿ ನೆಟ್ಟ ಮರ ಮುಂದೆ ಜಗಳದ ಮರವಾಗುತ್ತದೆ.

ನಕ್ಷೆಯ ಮೇಲೆ ಗುರುತು ಹಾಕಬೇಕಾದ್ದು ಇವು: ನೀರು ಎಲ್ಲೆಲ್ಲಿದೆ, ಅಂದರೆ ಹಳ್ಳ, ಒರತೆ, ಕೆರೆ, ಬೇಸಾಯ ಬಿಟ್ಟು ಹಡ್ಲು ಬಿದ್ದ ಗದ್ದೆ; ಅತ್ತಿ, ಬಸರಿ, ಗೋಣಿಯಂಥ ಮರಗಳು ಎಲ್ಲಿವೆ; ಪೊಟರೆ ಇರುವ ಮರ ಯಾವುವು; ಕಾಟಿ (ಕಾಡುಕೋಣ), ಹಂದಿ, ಆನೆ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತವೆ. ಕೊನೆಯದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಹಳೇ ಕೆಲಸಗಾರರು ಮತ್ತು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರು. ಅವರನ್ನು ಜೊತೆಗೆ ಕರೆದುಕೊಂಡೇ ಸುತ್ತಿ. ಒಂದು ಮಳೆಗಾಲ, ಒಂದು ಬೇಸಿಗೆ, ಎರಡನ್ನೂ ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಏಪ್ರಿಲ್‌ನಲ್ಲೂ ತೇವ ಆರದ ಜಾಗ ಯಾವುದೋ, ನಿಮ್ಮ ಕೆಲಸ ಅಲ್ಲಿಂದ ಶುರುವಾಗಲಿ.

ಮರಗಸಿಗೆ ಮುಂಚೆ ಬಣ್ಣದ ಡಬ್ಬಿ ಹಿಡಿಯಿರಿ

ತೋಟದಲ್ಲಿ ಹೆಚ್ಚು ಮರ ಹಾಳಾಗುವುದು ಮರಗಸಿಯ ಹೊತ್ತಿನಲ್ಲಿ, ಅಂದರೆ ಕಾಫಿಗೆ ಬೆಳಕು ಬೀಳಲೆಂದು ನೆರಳುಮರದ ಕೊಂಬೆ ಕಡಿಸುವಾಗ. ನೆರಳು ಎಷ್ಟು ಬಿಡಿಸಬೇಕು ಎನ್ನುವುದಷ್ಟೇ ತಲೆಯಲ್ಲಿರುತ್ತದೆ, ಯಾವ ಕೊಂಬೆಯಲ್ಲಿ ಯಾರ ಮನೆ ಇದೆ ಎಂದು ನೋಡುವ ವ್ಯವಧಾನ ಇರುವುದಿಲ್ಲ. ಹಾಗಾಗಿ ಆಳುಗಳು ಮರ ಹತ್ತುವ ಹಿಂದಿನ ದಿನ ನೀವೇ ಹೋಗಿ, ಪೊಟರೆ ಇರುವ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಒಂದು ಬಿಳಿ ಪಟ್ಟೆ ಬಳಿಯಿರಿ. ಪಟ್ಟೆ ಇದ್ದ ಮರಕ್ಕೆ ಕತ್ತಿ ತಾಕಬಾರದು, ಅಷ್ಟೇ ನಿಯಮ.

ನನಗೆ ಇದನ್ನು ಕಲಿಸಿದ್ದು ಒಂದು ಒಣ ನಂದಿ ಮರ. ಫೆಬ್ರವರಿ ಕೊನೆ ಇರಬೇಕು. ಅದನ್ನು ತೆಗೆಸಲು ನಿಂತಿದ್ದೆ. ಮರಗಸಿಯ ಹಿರಿಯಾಳು ಏಣಿ ಒರಗಿಸಿದವನು ಹಾಗೇ ನಿಂತ. "ಅಣ್ಣ, ಕೆಳಗೆ ನೋಡಿ" ಅಂದ. ಬುಡದಲ್ಲಿ ಅತ್ತಿ ಬೀಜ, ಬಸರಿ ಬೀಜ, ಹಕ್ಕಿ ಹಿಕ್ಕೆ ರಾಶಿ ಬಿದ್ದಿತ್ತು. ಮೇಲೆ ನೋಡಿದರೆ ಇಪ್ಪತ್ತಡಿ ಎತ್ತರದಲ್ಲಿ ಒಂದು ಪೊಟರೆ, ಬಾಯಿಗೆ ಮಣ್ಣು ಮೆತ್ತಿದಂತೆ ಮುಚ್ಚಿದೆ, ನಡುವೆ ಬೆರಳು ತೂರುವಷ್ಟು ಸೀಳು. ನಾವು ಹಿಂದೆ ಸರಿದು ಕಾಫಿ ಗಿಡದ ಮರೆಯಲ್ಲಿ ಕೂತೆವು. ಅರ್ಧ ಗಂಟೆಗೆ ಬೂದು ಮಂಗಟ್ಟೆಯ ಗಂಡು ಬಂತು. ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಆ ಸೀಳಿಗೆ ಕೊಟ್ಟಿತು. ಒಳಗಿಂದ ಒಂದು ಕೊಕ್ಕು ತುದಿ ಮಾತ್ರ ಕಾಣಿಸಿತು. ಎಣಿಸಿದೆವು, ಹದಿನಾಲ್ಕು ಹಣ್ಣು.

ಮಂಗಟ್ಟೆಗೆ ತಾನಾಗಿ ಮರ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು ಕೊಳೆತೋ, ಮರಕುಟಿಗ ಕೊರೆದದ್ದು ದೊಡ್ಡದಾಗಿಯೋ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಬಾಯಿ ಮುಚ್ಚಿಕೊಂಡ ಮೇಲೆ ಅದರ, ಮರಿಗಳ ಹೊಟ್ಟೆಪಾಡು ಪೂರ್ತಿ ಗಂಡಿನದು. ಅಂಥ ಹೊತ್ತಿನಲ್ಲಿ ಮರ ಬಿದ್ದರೆ ಇಡೀ ಸಂಸಾರವೇ ಹೋಯಿತು. ಆ ನಂದಿ ಮರ ಇನ್ನೂ ನಿಂತಿದೆ. ಆಳುಗಳು ದಿನಾ ಓಡಾಡುವ ದಾರಿಗೋ ಅವರು ವಾಸವಿರುವ ಲೈನ್ ಮನೆಗೋ ಬಾಗಿರುವ ಒಣಮರವನ್ನು ತೆಗೆಸಲೇಬೇಕು, ಅದರಲ್ಲಿ ರಾಜಿ ಇಲ್ಲ. ಉಳಿದದ್ದು ನಿಲ್ಲಲಿ.

ಅತ್ತಿಯ ಜಾತಿಯ ಮರಗಳದ್ದೂ ಇದೇ ಮಾತು. ಒಂದೊಂದು ಮರ ಒಂದೊಂದು ಕಾಲಕ್ಕೆ ಹಣ್ಣು ಬಿಡುವುದರಿಂದ, ಕಾಡಿನಲ್ಲಿ ಬೇರೇನೂ ಹಣ್ಣಿಲ್ಲದ ದಿನಗಳಲ್ಲಿ ಹಕ್ಕಿ, ಕೆಂದಳಿಲು, ಕಬ್ಬೆಕ್ಕು, ಬಾವಲಿ ಎಲ್ಲಕ್ಕೂ ಇವೇ ಗತಿ. ತೋಟದಲ್ಲಿ ಒಂದು ದೊಡ್ಡ ಬಸರಿ ಇದ್ದರೆ ಅದರ ನೆರಳಲ್ಲಿ ನಾಲ್ಕು ಗಿಡದ ಫಸಲು ಕಡಿಮೆಯಾದೀತು. ಆ ನಷ್ಟ ಹೊರಬಹುದಾದ ನಷ್ಟ.

ಇನ್ನು ನೆರಳಿನ ಮಾತು ಬಂತು. ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತೇ ಇದೆ. ಬಿಸಿಲು ನೇರ ಬೀಳುವ ಗಿಡದ ಕಾಂಡವನ್ನೇ ಆ ದುಂಬಿ ಮೊಟ್ಟೆಯಿಡಲು ಹುಡುಕುತ್ತದೆ. ನೆರಳು ಹದವಾಗಿದ್ದ ತೋಟದಲ್ಲಿ ಅದರ ಹಾವಳಿ ಕಡಿಮೆ. ಹಕ್ಕಿಗೆಂದು ಉಳಿಸಿದ ಮರ ಗಿಡವನ್ನೂ ಉಳಿಸುತ್ತದೆ.

ಹಳ್ಳದ ದಂಡೆ

ನಿಮ್ಮ ಹತ್ತಿರ ದುಡ್ಡೂ ಸಮಯವೂ ಒಂದೇ ಕೆಲಸಕ್ಕಾಗುವಷ್ಟಿದ್ದರೆ ಅದನ್ನು ಹಳ್ಳಕ್ಕೆ ಹಾಕಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ, ಬಾಬಾಬುಡನ್‌ಗಿರಿ ಸಾಲಿನಿಂದ ಇಳಿಯುವ ಯಗಚಿಯೂ ಮೈದುಂಬುವುದು ಇಂಥ ಹೆಸರಿಲ್ಲದ ತೋಟದ ಹಳ್ಳಗಳಿಂದ.

ಹಳ್ಳದ ಎರಡೂ ಬದಿ ಮೂವತ್ತಡಿ ಅಗಲ ಬಿಟ್ಟುಬಿಡಿ. ಅಷ್ಟಾಗದಿದ್ದರೆ ಹದಿನೈದಾದರೂ ಇರಲಿ. ಆ ಪಟ್ಟಿಯೊಳಗೆ ಕಳೆನಾಶಕ ಬೇಡ, ಗೊಬ್ಬರ ಬೇಡ, ಔಷಧಿ ಡ್ರಮ್ ತೊಳೆಯುವುದಂತೂ ಬೇಡವೇ ಬೇಡ. ಬೆಳೆದ ಗಿಡಗಂಟಿಯನ್ನು ಬೋಳಿಸದೆ, ಹೆಚ್ಚೆಂದರೆ ಓಡಾಡಲು ಒಂದು ಕಾಲುದಾರಿ ಕತ್ತಿಯಲ್ಲಿ ಸವರಿ. ವಾಟೆ, ಕೇದಗೆ, ನೇರಳೆ, ಹೊಳೆಮತ್ತಿ, ಅತ್ತಿ ಅಲ್ಲಿ ತಾವಾಗಿ ಬಂದರೆ ಬಿಡಿ, ಬರದಿದ್ದರೆ ಮಾತ್ರ ನೆಡಿ. ಕೆಳಗೆ ಬಿದ್ದ ದಿಮ್ಮಿ, ಎಲೆ, ನೀರಿನ ನಡುವಿನ ಬಂಡೆ ಇವನ್ನು "ಕ್ಲೀನ್" ಮಾಡಬೇಡಿ. ಏಡಿ, ಕಪ್ಪೆ, ಸಣ್ಣ ಮೀನು ಇರುವುದು ಅವುಗಳ ಅಡಿಯಲ್ಲೇ, ಅವುಗಳನ್ನು ಹುಡುಕಿಕೊಂಡೇ ನೀರುನಾಯಿ ಬರುವುದು.

ಪಲ್ಪರ್ ನೀರಿನ ಬಗ್ಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಹೊರಬರುವ ನೀರಿನ ಬಗ್ಗೆ, ಸ್ವಲ್ಪ ಬಿಡಿಸಿ ಹೇಳಬೇಕು. ಅರೇಬಿಕಾ ಕೊಯ್ಲು ನಡೆಯುವುದು ನವೆಂಬರ್‌ನಿಂದ ಜನವರಿವರೆಗೆ. ಹಳ್ಳ ಸೊರಗುತ್ತಾ ಬರುವುದೂ ಆಗಲೇ. ಪಲ್ಪರ್ ನೀರಿನಲ್ಲಿರುವ ಸಕ್ಕರೆ, ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ನೀರು ಹುಳಿಯಾಗುತ್ತದೆ. ತೆಳ್ಳಗೆ ಹರಿಯುವ ಹಳ್ಳಕ್ಕೆ ಒಂದು ರಾತ್ರಿ ಬಿಟ್ಟರೆ ಸಾಕು, ಬೆಳಿಗ್ಗೆ ಮೀನು ಬೆಳ್ಳಗೆ ತೇಲುತ್ತವೆ. ಅದನ್ನು ಇಂಗದಂತೆ ಮಾಡಿದ ಗುಂಡಿಗೆ ಬಿಟ್ಟು, ಸುಣ್ಣ ಹಾಕಿ ಹುಳಿ ಮುರಿದು, ತಿಳಿಯಾಗಲು ಬಿಡಬೇಕು. ಸಿಪ್ಪೆಯನ್ನು ಬೇರೆ ಗುಂಡಿಯಲ್ಲಿ ಸಗಣಿ ಜೊತೆ ಕೊಳೆಸಿದರೆ ಒಳ್ಳೇ ಗೊಬ್ಬರ. ಗುಂಡಿಯ ಅಳತೆ, ಪಲ್ಪರ್‌ಗೆ ಕಡಿಮೆ ನೀರು ಸಾಕಾಗುವ ವಿಧಾನ ಇವನ್ನು ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯಲ್ಲಿ ಕೇಳಿ. ಬೇಸಿಗೆಯಲ್ಲಿ ಮಡುವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವವರನ್ನೂ ತಡೆಯಬೇಕು. ಗದರಿದರೆ ರಾತ್ರಿ ಬರುತ್ತಾರೆ. ಆ ಹಳ್ಳದ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ ಎಂದು ಕೂರಿಸಿ ಹೇಳಿದರೆ ಕೇಳುತ್ತಾರೆ, ನನ್ನ ಅನುಭವದಲ್ಲಿ ಕೇಳಿದ್ದಾರೆ.

ಹಡ್ಲು ಗದ್ದೆ ಇದ್ದವರಿಗೆ ಒಂದು ವಿನಂತಿ. ಗದ್ದೆ ಬೇಸಾಯ ಗಿಟ್ಟದೆ ಬಿಟ್ಟ ಆ ಜೌಗಿಗೆ ಮಣ್ಣು ತುಂಬಿಸಿ ಅಡಿಕೆ ಹಾಕುವ ಆಸೆ ಎಲ್ಲರಿಗೂ ಇದೆ. ಪೂರ್ತಿ ತುಂಬಬೇಡಿ. ತಗ್ಗಿನ ಒಂದು ಭಾಗವನ್ನಾದರೂ ಜೌಗಾಗಿಯೇ ಇಡಿ. ಬೇಸಿಗೆಯಲ್ಲಿ ನಿಮ್ಮ ಬಾವಿಯ ಒರತೆ ನಿಂತಿರುವುದು ಬಹುಶಃ ಅದರ ಮೇಲೆಯೇ.

ಲಂಟಾನ ಕೀಳುವ ಕ್ರಮ

ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಅಲಂಕಾರಕ್ಕೆಂದು ತಂದ ಈ ಗಿಡ ಈಗ ತೋಟದಂಚು, ಬೇಲಿಸಾಲು, ಕಾಡು ಎಲ್ಲ ಕಡೆ ಇದೆ. ಅದರ ಅಡಿಯಲ್ಲಿ ಕಾಡುಮರದ ಸಸಿ ಏಳುವುದಿಲ್ಲ, ಮೇವಿನ ಹುಲ್ಲೂ ಬರುವುದಿಲ್ಲ.

ಕತ್ತಿಯಲ್ಲಿ ಸವರಿದರೆ ಒಂದಕ್ಕೆ ಹತ್ತು ಚಿಗುರು. ಬೆಂಕಿ ಕೊಟ್ಟರೂ ಅಷ್ಟೇ. ಜೆಸಿಬಿ ತಂದರೆ ಮಣ್ಣು ಕದಡಿ ಇನ್ನಷ್ಟು ಬೀಜ ಏಳುತ್ತದೆ. ಸರಿಯಾದ ಕ್ರಮ ಹೀಗೆ: ಗುದ್ದಲಿಯಿಂದ ಬುಡದ ಸುತ್ತ ಮಣ್ಣು ಸರಿಸಿ. ನೆಲಮಟ್ಟದಿಂದ ಒಂದೆರಡು ಇಂಚು ಕೆಳಗೆ, ಚಿಗುರೊಡೆಯುವ ಗಂಟು ಮುಗಿದು ಬರೀ ತಾಯಿಬೇರು ಶುರುವಾಗುವ ಜಾಗ ಕಾಣಿಸುತ್ತದೆ. ಅಲ್ಲಿ ಒಂದೇ ಏಟು. ಗಂಟಿನ ಸಮೇತ ಮೇಲಕ್ಕೆ ಬಂದ ಪೊದೆಯನ್ನು ತಲೆಕೆಳಗು ಮಾಡಿ, ಬೇರು ಆಕಾಶ ನೋಡುವಂತೆ ಇಡಿ. ನೆಲಕ್ಕೆ ತಾಕದ ಬೇರು ಬಿಸಿಲಿಗೆ ಒಣಗುತ್ತದೆ. ತಳದ ಬೇರು ಮಣ್ಣಿನಲ್ಲೇ ಕೊಳೆಯುತ್ತದೆ, ಮಣ್ಣೂ ಸಡಿಲವಾಗುವುದಿಲ್ಲ. ಹಣ್ಣು ಕಟ್ಟುವ ಮೊದಲೇ ಮಾಡಿದರೆ ಬೀಜ ಉದುರುವುದಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಪಿಕಳಾರ ತಿಂದು ಹಾಕಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ, ಹೆಚ್ಚಾಗಿ ಹಕ್ಕಿ ಕೂರುವ ಮರದ ಅಡಿಯಲ್ಲಿ. ಎರಡು ಮೂರು ವರ್ಷ ಮಳೆ ಬಿಟ್ಟ ಮೇಲೆ ಆ ಜಾಗಗಳಿಗೆ ಹೋಗಿ ಕೈಯಲ್ಲೇ ಕಿತ್ತುಹಾಕಬೇಕು. ಹಾಗಾಗಿ ಒಂದೇ ವರ್ಷ ಐದೆಕರೆಗೆ ಕೈ ಹಾಕಬೇಡಿ. ಮತ್ತೆ ಮತ್ತೆ ನೋಡಿಕೊಳ್ಳಲಾಗುವಷ್ಟು, ಅರ್ಧ ಎಕರೆಯಾದರೂ ಸರಿ, ಅಷ್ಟೇ ತೆಗೆಯಿರಿ. ಪೊದೆ ದಟ್ಟವಾಗಿರುವ ಕಡೆ ಮೊದಲು ಗದ್ದಲ ಮಾಡಿ, ಒಂದು ಬದಿಯಿಂದ ಶುರು ಮಾಡಿ. ಒಳಗೆ ಹಂದಿ ಮರಿ ಹಾಕಿರಬಹುದು, ಹಾವಿರಬಹುದು.

ಹಕ್ಕಿ ನೆಟ್ಟ ಸಸಿ, ನಾವು ನೆಡುವ ಸಸಿ

ಲಂಟಾನ ತೆಗೆದ ಜಾಗಕ್ಕೆ ಮೊದಲ ಮಳೆ ಬಿದ್ದ ಮೇಲೆ ಬಗ್ಗಿ ನೋಡಿ. ನೇರಳೆ, ಹೆಬ್ಬಲಸು, ಉಪ್ಪಳಿಗೆ, ಸಂಪಿಗೆ, ಏನೇನೋ ಎದ್ದಿರುತ್ತವೆ. ಅವು ಹಕ್ಕಿ ತಂದು ನೆಟ್ಟವು. ಆ ಜಾಗ ಒಗ್ಗಿಯೇ ಎದ್ದವು, ನೀರು ಹಾಕುವ ಕೆಲಸವಿಲ್ಲ. ಅವುಗಳಿಗಿರುವ ದೊಡ್ಡ ಅಪಾಯ ನಮ್ಮ ಕಳೆ ತೆಗೆಯುವ ಕತ್ತಿ, ವೀಡ್ ಕಟರ್. ಒಂದು ಕೋಲು ಊರಿ ಹಳೇ ಸೀರೆಯ ಕೆಂಪು ಚೂರು ಕಟ್ಟಿ. ನಮ್ಮಲ್ಲಿ ಕಳೆ ಕೆಲಸಕ್ಕೆ ಬರುವ ಹೆಂಗಸರು ಈಗ ತಾವಾಗಿಯೇ ಕಟ್ಟುತ್ತಾರೆ. "ಇದು ರಾಮಪತ್ರೆ ಕಣಣ್ಣ, ಬಿಡಿಸಿದೀನಿ ನೋಡು" ಎಂದು ಕರೆದು ತೋರಿಸಿದ ಸಸಿ ಇವತ್ತು ನನ್ನೆತ್ತರ ಆಗಿದೆ.

ಇದರ ಮೇಲೂ ಖಾಲಿ ಉಳಿದ ಜಾಗಕ್ಕೆ ನೆಡಿ. ಅತ್ತಿ, ಗೋಣಿ, ಬಸರಿಗೆ ನರ್ಸರಿ ಕಾಯಬೇಕಾಗಿಲ್ಲ. ಮಣಿಕಟ್ಟು ಗಾತ್ರದ, ಆರೇಳಡಿ ಉದ್ದದ ಗೂಟ ಕಡಿದು ಮುಂಗಾರಿನ ಆರಂಭದಲ್ಲಿ ಹಾಲುವಾಣ ನೆಟ್ಟಂತೆಯೇ ನೆಟ್ಟರೆ ಚಿಗುರುತ್ತದೆ, ದನದ ಬಾಯಿಗೂ ಎಟುಕುವುದಿಲ್ಲ. ಧೂಪ, ರಾಮಪತ್ರೆ, ಹಲಸು ಇವುಗಳ ಬೀಜ ಒಣಗಿದರೆ ಸತ್ತಂತೆ. ಹೆಕ್ಕಿದ ವಾರದೊಳಗೆ ಮಣ್ಣು ತುಂಬಿದ ಪಾಕೆಟ್‌ಗೆ ಹಾಕಬೇಕು. ಹೊನ್ನೆಯ ಒಣ ಕಾಯಿಯನ್ನು ಬೇಸಿಗೆಯಲ್ಲಿ ಆರಿಸಿ ಎತ್ತಿಟ್ಟುಕೊಳ್ಳಬಹುದು. ಧೂಪ, ರಾಮಪತ್ರೆ ಎಳೆಯದರಲ್ಲಿ ನೆರಳು ಬೇಡುತ್ತವೆ, ಇರುವ ಮರದಡಿಗೆ ಹಾಕಿ. ಅತ್ತಿ, ಹೊನ್ನೆ, ಉಪ್ಪಳಿಗೆ ಬಿಸಿಲಿನವು. ಸಾಲು ಹಿಡಿದು ನೆಡುವುದಕ್ಕಿಂತ ಐದಾರು ಬಗೆಯನ್ನು ಗುಂಪುಗುಂಪಾಗಿ ನೆಟ್ಟರೆ ಬೇಗ ನೆಲ ಮುಚ್ಚುತ್ತದೆ. ಜೂನ್‌ನಲ್ಲಿ ನೆಟ್ಟರೆ ಬೇಸಿಗೆಗೆ ಬೇರು ಇಳಿದಿರುತ್ತದೆ. ಡಿಸೆಂಬರ್‌ನಲ್ಲಿ ಬುಡಕ್ಕೆ ಒಂದು ಗೇಣು ದಪ್ಪ ತರಗು ಹಾಸಿ.

ಸಿಲ್ವರ್ ಓಕ್ ಪೂರ್ತಿ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಮೆಣಸು ಅದರ ಮೇಲಿದೆ, ಮಕ್ಕಳ ಓದು ಮೆಣಸಿನ ಮೇಲಿದೆ. ಆದರೆ ಆಸ್ಟ್ರೇಲಿಯಾದ ಆ ಮರ ನಮ್ಮ ಮಂಗಟ್ಟೆಗೆ ಹಣ್ಣು ಕೊಡುವುದಿಲ್ಲ. ಮಾರಾಟಕ್ಕೆ ಐದು ಓಕ್ ಕಡಿಸಿದ ಕಡೆ ಒಂದು ಕಾಡುಮರ ಬೆಳೆಸಿ, ಅದಕ್ಕೂ ಮೆಣಸು ಹಬ್ಬಿಸಿ.

ಒಂದು ಎಚ್ಚರಿಕೆ ಮಾತ್ರ ಬಿಡಬೇಡಿ. ಹುಲ್ಲುಗುಡ್ಡಕ್ಕೆ ಮರ ನೆಡಬೇಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು ಇರುವುದು ಮನುಷ್ಯ ಕಡಿದದ್ದರಿಂದಲ್ಲ, ಆ ನೆಲದ ಸ್ವಭಾವವೇ ಹಾಗೆ. ಕಡೂರಿನ ಬಯಲಿಗೂ ಇದೇ ಮಾತು: ಬಾಸೂರು ಅಮೃತ ಮಹಲ್ ಕಾವಲಿನ ಕೃಷ್ಣಮೃಗಕ್ಕೆ ಬೇಕಾದ್ದು ಬಯಲು ಹುಲ್ಲುಗಾವಲು, ಅಕೇಶಿಯಾ ತೋಪಲ್ಲ. ನನ್ನ ಇನ್ನೂರು ಸಸಿ ಸತ್ತ ಬರೆ ಈಗ ಹುಲ್ಲಾಗಿಯೇ ಇದೆ, ಕಾಟಿ ಅಲ್ಲೇ ಮೇಯುತ್ತವೆ.

ಬೇಲಿ, ಬಾವಿ, ಉರುಳು, ನಾಯಿ

ಮುಳ್ಳುತಂತಿಯ ಕೆಳ ಎಳೆಯನ್ನು ನೆಲದಿಂದ ಒಂದೂವರೆ ಅಡಿ ಮೇಲೆತ್ತಿ, ಮುಳ್ಳಿಲ್ಲದ ತಂತಿ ಹಾಕಿ. ಚಿಪ್ಪುಹಂದಿ, ಮುಳ್ಳುಹಂದಿ, ಕಬ್ಬೆಕ್ಕು ಗಾಯವಿಲ್ಲದೆ ನುಸುಳುತ್ತವೆ. ಕಟ್ಟೆಯಿಲ್ಲದ ಬಾವಿಗೆ ಕಟ್ಟೆ ಕಟ್ಟಿಸಿ. ಪ್ಲಾಸ್ಟಿಕ್ ಹಾಸಿದ ನೀರಿನ ಹೊಂಡದ ಒಂದು ಬದಿಗೆ ಹಗ್ಗದ ಬಲೆಯನ್ನೋ ಕಲ್ಲಿನ ಇಳಿಜಾರನ್ನೋ ಮಾಡಿ, ಬಿದ್ದ ಪ್ರಾಣಿ ಹತ್ತಿ ಬರಲಿ.

ಬೇಲಿಸಾಲನ್ನು ವಾರಕ್ಕೊಮ್ಮೆ ನಡೆದು ನೋಡಿ. ಹಂದಿಗೆಂದು ಬೈಕಿನ ಕ್ಲಚ್ ಕೇಬಲ್‌ನಲ್ಲಿ ಹಾಕಿದ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಕೊಯ್ದುಕೊಂಡು ಸಾಯುತ್ತದೆ. ಹಾಕಿದವರು ಯಾರೇ ಆಗಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದು ಅಪರಾಧ, ಪ್ರಶ್ನೆ ಮೊದಲು ಬರುವುದು ಜಾಗದವರಿಗೆ. ಪ್ರಾಣಿ ಸಿಕ್ಕಿಬಿದ್ದಿದ್ದರೆ ಹತ್ತಿರ ಹೋಗಬೇಡಿ, ಜನ ಸೇರಿಸಬೇಡಿ, ವಲಯ ಅರಣ್ಯಾಧಿಕಾರಿಗೆ ಫೋನ್ ಮಾಡಿ. ಬೇಲಿಗೆ ಕರೆಂಟಿನ ಲೈನಿನಿಂದ ನೇರ ಎಳೆಯುವುದಂತೂ ಕೊಲೆಗೆ ಸಮ. ಸೋಲಾರ್ ಬೇಲಿ ಬೇಕಿದ್ದರೆ ಮಿಡಿತದಲ್ಲಿ ಹರಿಸುವ ಎನರ್ಜೈಸರ್ ಇರುವುದನ್ನೇ ಹಾಕಿಸಿ. ಜೋತುಬಿದ್ದ ವಿದ್ಯುತ್ ತಂತಿ ಇದ್ದರೆ ಬರಹದಲ್ಲೇ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ತೋಟದ ನಾಯಿಗಳನ್ನು ರಾತ್ರಿ ಕಟ್ಟಿಹಾಕಿ, ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ. ಗುಂಪು ಕಟ್ಟಿದ ನಾಯಿಗಳು ಬರ್ಕ (ಮೊಲದಷ್ಟೇ ಪುಟ್ಟ, ಜಿಂಕೆಯಂಥ ಪ್ರಾಣಿ), ಮೊಲವನ್ನು ಬಿಡುವುದಿಲ್ಲ, ಚಿರತೆಯನ್ನು ಮನೆ ಬಾಗಿಲಿಗೆ ಕರೆತರುವುದೂ ಅವೇ.

ಆನೆ ಇರುವ ಊರಿನಲ್ಲಿ

"ಕಾಡು ಬೆಳೆಸಿದರೆ ಆನೆ ಬರಲ್ವಾ?" ಎಂಬ ಭಯ ನ್ಯಾಯವಾದದ್ದು. ಆಲೂರು, ಸಕಲೇಶಪುರ, ಬೇಲೂರು ಕಡೆ ಜನ ಸತ್ತಿದ್ದಾರೆ. ಅದನ್ನು ಮರೆತು ಯಾರೂ ಉಪದೇಶ ಮಾಡಬಾರದು. 2014ರಲ್ಲಿ ಹಾಸನದ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆನೆಗಳು ಮತ್ತೆ ಬಂದವು. ಅವು ಬರುವುದು ನೀವು ನೆಟ್ಟ ನೇರಳೆಗಲ್ಲ, ಗದ್ದೆಯ ಬತ್ತ, ಬಾಳೆ, ಹಲಸು, ಬೈನೆ ಮತ್ತು ಬೇಸಿಗೆಯ ಕೆರೆಗೆ.

ಆದ್ದರಿಂದ ಬೈನೆ, ಬಾಳೆ, ಬಿದಿರನ್ನು ಲೈನ್ ಮನೆ, ಶಾಲೆದಾರಿ, ಕಣದ ಹತ್ತಿರ ಬೆಳೆಸಬೇಡಿ. ಮನೆ ಸುತ್ತಲಿನ ಹಲಸನ್ನು ಕಾಯಿ ಇರುವಾಗಲೇ ಇಳಿಸಿ. ಆನೆ ದಾರಿಯ ಇಕ್ಕೆಲದಲ್ಲಿ ಹತ್ತಡಿ ಪೊದೆ ಸವರಿ, ದೂರದಿಂದಲೇ ಕಾಣುವಂತಿರಲಿ. ದಾರಿಯನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಅದು ಲೈನ್ ಮನೆಗಳ ನಡುವೆ ಹೊಸ ದಾರಿ ಮಾಡಿಕೊಳ್ಳುತ್ತದೆ. ಅರಣ್ಯ ಇಲಾಖೆಯ ಆನೆ ಸಂದೇಶ ನಿಮ್ಮ ಫೋನಿಗಷ್ಟೇ ಬಂದರೆ ಸಾಲದು, ಬೆಳಿಗ್ಗೆ ಆರಕ್ಕೆ ಮನೆ ಬಿಡುವ ಪ್ರತಿ ಕೆಲಸಗಾರರಿಗೂ ಬರಬೇಕು. ಆನೆ ಇದೆ ಎಂದು ಗೊತ್ತಾದ ದಿನ ಕೆಲಸ ತಡವಾಗಿ ಶುರುವಾಗಲಿ, ಕೂಲಿ ಕಡಿತ ಬೇಡ. ಬೆಳೆ ನಷ್ಟವಾದರೆ ಫೋಟೋ, ಪಹಣಿ, ಬ್ಯಾಂಕ್ ವಿವರ ಸಮೇತ ತಡಮಾಡದೆ ವಲಯ ಕಚೇರಿಗೆ ಅರ್ಜಿ ಕೊಡಿ.

ಕಾಗದ, ಕಾನೂನು, ದುಡ್ಡು

ಕಾಡುಮರ ಬೆಳೆಸಿದರೆ ಜಾಗ ಸರ್ಕಾರಕ್ಕೆ ಹೋಗುತ್ತದೆ ಎನ್ನುವವರಿದ್ದಾರೆ. ನಿಮ್ಮ ಹಿಡುವಳಿಯಲ್ಲಿ ಮರ ನೆಟ್ಟ ಮಾತ್ರಕ್ಕೆ, ಪ್ರಾಣಿ ಬಂದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಕಡಿಯುವಾಗ ಮಾತ್ರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸಿಲ್ವರ್ ಓಕ್‌ಗೆ ಆ ಅನುಮತಿಯಿಂದ ವಿನಾಯಿತಿ ಇರುವುದೇ ಅದು ಇಷ್ಟು ಹಬ್ಬಲು ಒಂದು ಕಾರಣ. ನೀವು ನೆಟ್ಟದ್ದನ್ನು ಜಾತಿ, ಸಂಖ್ಯೆ, ವರ್ಷ ಸಮೇತ ಬರೆದಿಟ್ಟರೆ, ಸಸಿ ಖರೀದಿ ರಸೀದಿ ಇಟ್ಟರೆ, ಮುಂದೆ ಅನುಮತಿ ಕೇಳುವಾಗ ಕೈ ಹಿಡಿಯುತ್ತದೆ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದ ಸಸಿಯೂ, ಬದುಕಿದ ಸಸಿಗೆ ಮೂರು ವರ್ಷಗಳ ಕಂತಿನಲ್ಲಿ 35, 40, 50 ಎಂದು ಒಟ್ಟು 125 ರೂಪಾಯಿ ಪ್ರೋತ್ಸಾಹಧನವೂ ಇದೆ. ಆ ವರ್ಷದ ದರ, ಸಸಿ ಪಟ್ಟಿಯನ್ನು ಮಳೆಗೆ ಮುಂಚೆಯೇ ವಲಯ ಕಚೇರಿಯಲ್ಲಿ ವಿಚಾರಿಸಿ, ಜೂನ್‌ಗೆ ಹೋದರೆ ಒಳ್ಳೇ ಜಾತಿ ಖಾಲಿ. ಇನ್ನೂ ಮುಂದೆ ಹೋಗಿ ಜಾಗವನ್ನು ಕಾಯಂ ಕಾಪಾಡಬೇಕೆನ್ನುವವರಿಗೆ ವನ್ಯಜೀವಿ ಕಾಯ್ದೆಯ 36ಸಿ ಕಲಂ ಇದೆ. ಮಾಲೀಕರೋ ಸಮುದಾಯವೋ ತಾವಾಗಿ ಮುಂದೆ ಬಂದರೆ ಖಾಸಗಿ ಜಾಗವನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಒಮ್ಮೆ ಘೋಷಣೆಯಾದ ಮೇಲೆ ಜಾಗದ ಬಳಕೆ ಬದಲಿಸುವುದು ನಿಮ್ಮೊಬ್ಬರ ಇಷ್ಟವಾಗಿ ಉಳಿಯುವುದಿಲ್ಲ. ಮನೆಯವರೆಲ್ಲ ಕೂತು ಮಾತಾಡಿ, ವಕೀಲರ ಹತ್ತಿರ ಓದಿಸಿಕೊಂಡೇ ಹೆಜ್ಜೆಯಿಡಿ.

ಬೇಲಿಯಾಚೆಯವರ ಜೊತೆ

ಕೆಂದಳಿಲು ಸಾಧ್ಯವಾದಷ್ಟೂ ನೆಲಕ್ಕಿಳಿಯದು, ಮರದಿಂದ ಮರಕ್ಕೇ ಹಾರುತ್ತದೆ. ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವಿನ ಗಡಿಸಾಲಿನಲ್ಲಿ ಒಂದು ಕಡೆ ಮಾತ್ರ ಕೊಂಬೆ ಕೂಡುತ್ತಿತ್ತು, ಒಂದು ನೇರಳೆಗೂ ಒಂದು ಬಸರಿಗೂ. ನೇರಳೆ ಅವರದು. ಕಳೆದ ಮರಗಸಿಗೆ ಮುಂಚೆ ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ವಿಷಯ ಎತ್ತಿದೆ. "ಗೌಡ್ರೆ, ಆ ಒಂದು ಕೊಂಬೆ ಬಿಡಿಸ್ಬೇಡಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಓಡಾಡದು ಅದೇನಾ? ನಾನು ಮಂಗ ಅನ್ಕೊಂಡಿದ್ದೆ" ಅಂದರು. ಮಾರನೆಯ ದಿನ ನೋಡಿದರೆ ನೇರಳೆಯ ಬುಡದಲ್ಲಿ ಬಿಳಿ ಪಟ್ಟೆ ಇತ್ತು, ನನ್ನದಕ್ಕಿಂತ ಅಗಲವಾಗಿ.